ಹಿಂದೆ ಉಳಿದವರ ಹೆಜ್ಜೆಗೆ ನಡೆ

ಮಗಳೇ,

ಮೊನ್ನೆ ರಾತ್ರಿ ನಿನ್ನ ಅಮ್ಮ ಫೋನು ಮಾಡಿದ್ದಳು. ಆಫೀಸಿನ ಐದು ಜನರನ್ನು ಕಟ್ಟಿಕೊಂಡು ನೀನು ಕುಮಾರ ಪರ್ವತಕ್ಕೆ ಹೊರಟಿದ್ದೀಯಂತೆ, ಎರಡು ಹಗಲು ಒಂದು ರಾತ್ರಿಯ ಲೆಕ್ಕವಂತೆ. “ಭಾವ, ನೀವು ಬೇಡ ಅಂದರೆ ಕೇಳುತ್ತಾಳೆ, ಒಂದು ಮಾತು ಹೇಳಿ” ಅಂದಳು. ನಾನು ಬೇಡ ಅನ್ನುವುದಿಲ್ಲ. ನಮ್ಮ ತೋಟದ ಮೇಲಿನ ಕಟ್ಟೆಯಲ್ಲಿ ನಿಂತರೆ ಕಾಣುವ ಬೆಟ್ಟ ಅದು. ಹದಿನಾಲ್ಕು ಸಲ ಹತ್ತಿದ್ದೇನೆ, ಕೊನೆಯ ಸಲ ಐವತ್ತೆಂಟನೆಯ ವಯಸ್ಸಿನಲ್ಲಿ. ಅದರಲ್ಲಿ ಹದಿಮೂರು ಸಲದ್ದು ನೆನೆದರೆ ಇವತ್ತಿಗೂ ಖುಷಿಯಾಗುತ್ತದೆ. ಉಳಿದ ಒಂದು ಸಲದ್ದನ್ನು ಹೇಳುವುದಕ್ಕೇ ಈ ಕಾಗದ.

ಅದಕ್ಕಿಂತ ಮೊದಲು ಅನುಮತಿಯ ವಿಷಯ. ಅದು ಪುಷ್ಪಗಿರಿ ವನ್ಯಜೀವಿ ಧಾಮ; ಆನೆ, ಕಾಟಿಗಳು ಓಡಾಡುವ ಕಾಡು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆ ಸಿಕ್ಕಿತೆಂದು ಒಮ್ಮೆಲೇ ಸಾವಿರಾರು ಜನ ಬಂದು ದಾರಿಯಲ್ಲಿ ಜಾತ್ರೆಯಂತೆ ಸಾಲು ನಿಂತದ್ದನ್ನು ನೀನೂ ವಿಡಿಯೋದಲ್ಲಿ ನೋಡಿರಬೇಕು. ಅದರ ಬೆನ್ನಿಗೇ ಅರಣ್ಯ ಇಲಾಖೆಯವರು ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನೆಲ್ಲ ಕೆಲವು ಕಾಲ ನಿಲ್ಲಿಸಿದರು. ಅದು ಸರಿಯಾದ ಕ್ರಮ ಎಂದೇ ನನ್ನ ಅಭಿಪ್ರಾಯ. ಶಿಖರದ ಮೇಲೆ ಡೇರೆ ಹಾಕಲು ಈಗ ಬಿಡುವುದಿಲ್ಲ. ರಾತ್ರಿ ಎಲ್ಲಿ ತಂಗಬಹುದು, ತಂಗಲು ಬಿಡುತ್ತಾರೋ ಇಲ್ಲವೋ ಎಂಬುದನ್ನು ಟಿಕೆಟ್ ತೆಗೆಯುವಾಗಲೇ ಸರಿಯಾಗಿ ಓದಿಕೊ. ಬಿಡುವುದಿಲ್ಲ ಎಂದಿದ್ದರೆ ಕದ್ದು ಉಳಿಯುವ ಯೋಚನೆ ಯಾರ ತಲೆಯಲ್ಲಿ ಹುಟ್ಟಿದರೂ ಅಲ್ಲೇ ತಡೆ. ಹಿಂದಿನ ರಾತ್ರಿ ಬೆಟ್ಟದ ಬುಡದ ಕುಕ್ಕೆಯಲ್ಲಿ ಮಲಗಿ, ಬೆಳಕು ಹರಿಯುವಾಗ ಹೊರಟು, ಸಂಜೆಗೆ ಇಳಿದು, ಮತ್ತೆ ಅಲ್ಲೇ ಮಲಗಿ. ಎರಡು ರಾತ್ರಿಯ ಬಾಡಿಗೆ ಹೆಚ್ಚಾದರೆ ಆಗಲಿ.

ಕುಕ್ಕೆಯಲ್ಲಿ ಮಲಗು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಬೆಂಗಳೂರಿನ ಮಕ್ಕಳು ಶುಕ್ರವಾರ ರಾತ್ರಿ ಆಫೀಸು ಮುಗಿಸಿ ಬಸ್ಸು ಹತ್ತುತ್ತಾರೆ. ಘಾಟಿಯ ತಿರುವಿನಲ್ಲಿ ಅತ್ತಿತ್ತ ಹೊರಳಿ, ಕಣ್ಣು ಮುಚ್ಚದೆ, ನಸುಕಿನಲ್ಲಿ ದೇವಸ್ಥಾನದ ಹತ್ತಿರ ಇಳಿಯುತ್ತಾರೆ. ಮುಖ ತೊಳೆದು, ಕಾಫಿ ಕುಡಿದು, ನೇರ ಬೆಟ್ಟಕ್ಕೆ. ಬೆಟ್ಟದಲ್ಲಿ ಕಾಲು ಜಾರುವವರಲ್ಲಿ, ವಾಂತಿ ಮಾಡಿಕೊಳ್ಳುವವರಲ್ಲಿ, ಸಣ್ಣ ಮಾತಿಗೆ ಸಿಡುಕಿ ಜಗಳ ತೆಗೆಯುವವರಲ್ಲಿ ನಾನು ಕಂಡ ಹೆಚ್ಚಿನವರು ಹೀಗೆ ನಿದ್ದೆಗೆಟ್ಟು ಬಂದವರೇ. ಒಂದು ದಿನ ರಜೆ ಹೆಚ್ಚು ಹಾಕು. ಸಿಗದಿದ್ದರೆ ರಜೆ ಸಿಗುವ ವಾರಕ್ಕೆ ಮುಂದೂಡು. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ಮತ್ತೆ ಎತ್ತರದ ಅಂಕಿ ನೋಡಿ ಈ ಬೆಟ್ಟವನ್ನು ಅಳೆಯಬೇಡ. 1712 ಮೀಟರ್ ಎಂದು ಓದಿದವರು, “ಮುಳ್ಳಯ್ಯನಗಿರಿ 1930 ಮೀಟರ್, ಅದನ್ನೇ ಹತ್ತಿದ್ದೇವೆ” ಅನ್ನುತ್ತಾರೆ. ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೂ ರಸ್ತೆ ಇದೆ. ಇಲ್ಲಿ ಕುಕ್ಕೆ ಇರುವುದೇ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ. ಉಳಿದ 1600 ಮೀಟರನ್ನು ನಿಮ್ಮ ಕಾಲುಗಳೇ ಏರಬೇಕು, ಸುಮಾರು 13 ಕಿಲೋಮೀಟರ್ ದಾರಿಯಲ್ಲಿ. ಕಾಲೇಜಿನಲ್ಲಿ ನಮ್ಮ ಎನ್‌ಸಿಸಿ ಮೇಷ್ಟ್ರು ಒಂದು ಲೆಕ್ಕ ಕಲಿಸಿದ್ದರು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬವರು 1892ರಲ್ಲಿ ಹೇಳಿದ್ದು ಅದು: ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ ನಿಮ್ಮ ದಾರಿಗೆ ಐದು ಗಂಟೆಯ ಮೇಲಾಯಿತು. ಅದು ಚಳಿ ದೇಶದಲ್ಲಿ, ಗಟ್ಟಿ ಕಾಲಿನವರು, ಎಲ್ಲೂ ಕೂರದೆ ನಡೆದರೆ. ನಮ್ಮ ಸೆಕೆಗೆ, ಬೆನ್ನ ಚೀಲಕ್ಕೆ, ಊಟಕ್ಕೆ, ವಿಶ್ರಾಂತಿಗೆ ಇನ್ನೆರಡು ಗಂಟೆ ಸೇರಿಸು. ಇಳಿಯಲು ಐದಾರು ಗಂಟೆ. ಡಿಸೆಂಬರಿನಲ್ಲಿ ಸಂಜೆ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಐವರಿಗೂ ತೋರಿಸು. ಗುಂಪಿನಲ್ಲಿ ಯಾರಿಗಾದರೂ ಇದು ಭಾರ ಅನ್ನಿಸಿದರೆ ಸೋಮವಾರಪೇಟೆ ಕಡೆಯಿಂದ, ಬೀದಳ್ಳಿಯ ದಾರಿಯಲ್ಲಿ ಹತ್ತಬಹುದು. ಅದು ಗಿಡ್ಡ ದಾರಿ. ಅಲ್ಲಿಂದ ಹತ್ತಿದರೆ ಮರ್ಯಾದೆ ಕಡಿಮೆ ಎಂದು ಯಾರೂ ಅಂದುಕೊಳ್ಳಬೇಕಾಗಿಲ್ಲ.

ಇನ್ನು ಆ ಒಂದು ಸಲದ ಕಥೆ.

ನನಗಾಗ ಇಪ್ಪತ್ತಾರು. ಡಿಸೆಂಬರ್ ತಿಂಗಳು. ನಾವು ಐವರು ಗೆಳೆಯರು, ಶಿಖರದಲ್ಲೇ ರಾತ್ರಿ ಕಳೆಯಬೇಕೆಂಬ ಹುರುಪು. ಆಗ ಕೇಳುವವರಿರಲಿಲ್ಲ. ನಮ್ಮಲ್ಲೊಬ್ಬ ಪೇಟೆಯಲ್ಲಿ ಗುಮಾಸ್ತ, ದಿನವಿಡೀ ಕುರ್ಚಿಯ ಕೆಲಸ. ಭೀಮನ ಬಂಡೆ ದಾಟುವಾಗಲೇ ಹಿಂದೆ ಬಿದ್ದಿದ್ದ. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ ಉಂಡೆವು. ಅಲ್ಲಿಂದ ಮೇಲೆ ಮರ ಮುಗಿದು ಬರೀ ಹುಲ್ಲುಗುಡ್ಡ. ನೆತ್ತಿಯ ಮೇಲೆ ಬಿಸಿಲು, ನೆರಳಿಲ್ಲ. ನಾವು ನಾಲ್ವರು ಮುಂದೆ ಹೋಗಿ ಕೂರುವುದು, ಅವನು ಏದುಸಿರು ಬಿಡುತ್ತ ಬಂದು ತಲುಪಿದ ಕೂಡಲೇ “ಬಂದೆಯಾ, ನಡಿ” ಎಂದು ಏಳುವುದು. ಹೀಗೇ ನಡೆಯಿತು. ನಮಗೆ ಪ್ರತಿ ಸಲವೂ ಹತ್ತು ನಿಮಿಷ ವಿಶ್ರಾಂತಿ, ಅವನಿಗೆ ಒಂದು ನಿಮಿಷವೂ ಇಲ್ಲ. ಯಾರಿಗೆ ಹೆಚ್ಚು ಬೇಕಿತ್ತೋ ಅವನಿಗೇ ಸಿಗಲಿಲ್ಲ ಎಂಬುದು ನಾಲ್ವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಕಲ್ಲು ಮಂಟಪದ ಹತ್ತಿರ ಅವನು ಕೂತುಬಿಟ್ಟ. ಗಂಟೆ ಎರಡೂವರೆ. ಸೂರ್ಯಾಸ್ತಕ್ಕೆ ಶಿಖರ ಮುಟ್ಟಬೇಕು ಎಂದು ನಮಗೆ ಅವಸರ. “ನೀನು ನಿಧಾನ ಬಾ, ನಾವು ಮೇಲೆ ಕಾಯುತ್ತೇವೆ” ಎಂದವನು ನಾನೇ. ಎದುರಿಗೆ ಕಾಣುವ ಶೇಷ ಪರ್ವತವೇ ಕೊನೆ ಎಂದು ಅವನು ತಿಳಿದಿದ್ದ. ಅದರ ನೆತ್ತಿ ಮುಟ್ಟಿದ ಮೇಲೆ ಮತ್ತೆ ಕಾಡಿಗೆ ಇಳಿದು, ಬಂಡೆ ಹತ್ತಿ, ಆಚೆಗಿರುವ ಶಿಖರಕ್ಕೆ ಹೋಗಬೇಕು. ಮೊದಲ ಸಲ ಹತ್ತುವವರ ಜೀವ ಅಲ್ಲಿಯೇ ಕುಗ್ಗುವುದು. ನಿನ್ನವರಿಗೆ ಇದನ್ನು ಮೊದಲೇ ಹೇಳಿಡು.

ನಾಲ್ಕು ಗಂಟೆಗೆ ಮಂಜು ಬಂತು. ಮಂಜು ಎಂದರೆ ನಿನ್ನ ಬೆಂಗಳೂರಿನ ಬೆಳಗಿನ ಮಂಜಲ್ಲ. ಚಾಚಿದ ಕೈಯ ಬೆರಳು ಕಾಣದು. ಹುಲ್ಲುಗುಡ್ಡದಲ್ಲಿ ಕಾಟಿಗಳು ನಡೆದ ಜಾಡೂ ಮನುಷ್ಯರ ದಾರಿಯ ಹಾಗೆಯೇ ಇರುತ್ತದೆ. ನಾವು ಶೇಷ ಪರ್ವತದ ಮೇಲೆ ಕಾದೆವು. ಐದಾಯಿತು, ಆರಾಯಿತು. ಆಗ ಚೀಲ ಬಿಚ್ಚಿ ನೋಡಿದೆವು. ಐವರ ನಡುವೆ ಇದ್ದದ್ದು ಒಂದೇ ಟಾರ್ಚು, ಅದು ನನ್ನ ಚೀಲದಲ್ಲಿ. ಬೆಂಕಿಪೊಟ್ಟಣವೂ ನಮ್ಮಲ್ಲೇ. ಅವನ ಬೆನ್ನ ಮೇಲೆ ನಾವು ಹೊರಿಸಿದ್ದು ಅಕ್ಕಿ ಮತ್ತು ಪಾತ್ರೆ.

ಕೂಗುತ್ತ, ಕೂಗುತ್ತ ಇಳಿದೆವು. ಮೇಲಿನ ಗಾಳಿಗೆ ನಮ್ಮ ಕೂಗು ನಮಗೇ ಕೇಳುತ್ತಿರಲಿಲ್ಲ. ರಾತ್ರಿ ಒಂಬತ್ತರ ಸುಮಾರಿಗೆ ದಾರಿಯಿಂದ ಐವತ್ತು ಮಾರು ಕೆಳಗೆ, ಒಂದು ಬಂಡೆಯ ಮರೆಯಲ್ಲಿ ಮುದುಡಿ ಕೂತಿದ್ದ. ಬೆವರಿಗೆ, ಮಂಜಿಗೆ ನೆನೆದ ಹತ್ತಿಯ ಅಂಗಿ ಮೈಗೆ ಅಂಟಿತ್ತು. ಮಾತಾಡಿಸಿದರೆ ಕುಡಿದವರ ಹಾಗೆ ನಾಲಗೆ ಎಳೆಯುತ್ತಿತ್ತು. ಸ್ವೆಟರ್ ಅವನ ಚೀಲದಲ್ಲೇ ಇತ್ತು, ಮಗಳೇ. ತೆಗೆದು ಹಾಕಿಕೊಳ್ಳಬೇಕೆಂದು ಅವನಿಗೆ ತೋಚಿರಲಿಲ್ಲ. ಚಳಿ ಮೈಯೊಳಗೆ ಇಳಿದರೆ ಮೊದಲು ಹೋಗುವುದು ಬುದ್ಧಿಯೇ.

ಒದ್ದೆ ಬಟ್ಟೆ ಬಿಚ್ಚಿ, ಒಣಗಿದ್ದನ್ನೆಲ್ಲ ತೊಡಿಸಿ, ಇಬ್ಬರು ಆಚೀಚೆ ಒತ್ತಿ ಕೂತು ಕಂಬಳಿ ಸುತ್ತಿದೆವು. ಬೆಲ್ಲದ ಬಿಸಿನೀರು ಗುಟುಕು ಗುಟುಕಾಗಿ ಕುಡಿಸಿದೆವು. ನಡುರಾತ್ರಿ ದಾಟಿದ ಮೇಲೆ ಸರಿಯಾಗಿ ಮಾತಾಡಿದ. ಬದುಕಿಕೊಂಡ. ಆದರೆ ಆಮೇಲೆ ನಮ್ಮ ಜೊತೆ ಒಂದು ಗುಡ್ಡಕ್ಕೂ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕ ಕೂತಾಗ ಅವನೇ ಮಾತು ತೆಗೆದ. “ಆ ದಿನ ನೀವು ಹೋದ ಮೇಲೆ ನಾನು ಒಂದು ಗಂಟೆ ಅಲ್ಲಿಂದ ಏಳಲೇ ಇಲ್ಲ. ಸುಸ್ತಾಗಿ ಅಲ್ಲ” ಎಂದ. ಅಷ್ಟೇ ಅಂದದ್ದು. ನಾನು ಊಟ ಮುಗಿಸಲಾಗಲಿಲ್ಲ.

ಅದಕ್ಕೇ ಹೇಳುವುದು: ನಿನ್ನ ಗುಂಪಿನಲ್ಲಿ ಯಾರು ಎಲ್ಲರಿಗಿಂತ ನಿಧಾನವೋ ಅವರನ್ನು ಮುಂದಿನಿಂದ ಎರಡನೆಯವರಾಗಿ ನಡೆಸು. ಗಟ್ಟಿಗರೊಬ್ಬರು ಕೊನೆಯಲ್ಲಿರಲಿ, ಅವರ ಹಿಂದೆ ಯಾರೂ ಉಳಿಯಬಾರದು. ಕೂತರೆ ಎಲ್ಲರೂ ಕೂರಬೇಕು. ಕಟ್ಟಕಡೆಗೆ ಬಂದು ತಲುಪಿದವರು ಕೂತ ಹೊತ್ತಿನಿಂದ ವಿಶ್ರಾಂತಿಯ ಲೆಕ್ಕ ಶುರು. ಏರುವಾಗ ಮಾತಾಡಲು ಉಸಿರು ಸಾಕಾಗುತ್ತಿದೆಯೇ ನೋಡುತ್ತಿರು, ಸಾಲದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. “ಹೇಗಿದ್ದೀರಿ” ಎಂದು ಕೇಳಿದರೆ ಎಲ್ಲರೂ “ಪರವಾಗಿಲ್ಲ” ಎಂದೇ ಹೇಳುತ್ತಾರೆ. ನಾಚಿಕೆ, ಬೇರೆಯವರಿಗೆ ಭಾರವಾಗುತ್ತೇನೆಂಬ ಹೆದರಿಕೆ. ಹಾಗೆ ಕೇಳಬೇಡ. “ಬಾಟಲಿಯಲ್ಲಿ ನೀರೆಷ್ಟು ಉಳಿದಿದೆ, ತೋರಿಸು” ಅನ್ನು. “ಹಿಮ್ಮಡಿ ಉಜ್ಜುತ್ತಿದೆಯಾ, ಶೂ ಬಿಚ್ಚು ನೋಡೋಣ” ಅನ್ನು. ಇದು ನಿನ್ನ ದೊಡ್ಡಮ್ಮ ಬರೆಸುತ್ತಿರುವ ಮಾತು: ಹೆಣ್ಣುಮಕ್ಕಳು ಮರೆ ಸಿಗುವುದಿಲ್ಲವೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತುತ್ತದೆ. ನೀವು ಗೆಳತಿಯರು ಒಬ್ಬರಿಗೊಬ್ಬರು ಕಾವಲು ನಿಂತು ಆ ಸಂಕೋಚ ಕಳೆದುಕೊಳ್ಳಿ.

ನೀರು ತಲಾ ಮೂರು ಲೀಟರಿಗೆ ಕಡಿಮೆ ಬೇಡ. ದಾರಿಯ ತೊರೆಗಳು ಬೇಸಿಗೆಯಲ್ಲಿ ಬತ್ತುತ್ತವೆ, ನಂಬಿ ಹೋಗಬೇಡ. ಒಂದು ಲೀಟರಿನಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿಡಿ, ಟೀ ಚಮಚದ ಅಳತೆ. ಬುತ್ತಿಗೆ ಚಪಾತಿ, ಜೊತೆಗೆ ಅವಲಕ್ಕಿ, ನೆಲಗಡಲೆ ಚಿಕ್ಕಿ, ಖರ್ಜೂರ ಸಾಕು. ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನುತ್ತಿರಿ. ಮಳೆ ಬಿಟ್ಟು ಹೆಚ್ಚು ದಿನ ಆಗಿರದಿದ್ದರೆ ಕೆಳಗಿನ ಕಾಡಿನಲ್ಲಿ ಇಂಬಳ ಇರುತ್ತದೆ. ಹತ್ತಿದರೆ ಎಳೆದು ಕೀಳಬೇಡಿ, ಉಗುರಿನಿಂದ ಅದರ ಬಾಯಿಯ ಬುಡದಲ್ಲಿ ಸರಿಸಿದರೆ ಬಿಡುತ್ತದೆ. ರಕ್ತ ಒಂದಷ್ಟು ಹೊತ್ತು ಸೋರುತ್ತದೆ, ಗಾಬರಿ ಬೇಡ.

ಬಟ್ಟೆಯ ವಿಷಯದಲ್ಲಿ ಮಾತ್ರ ನಾನು ಹಟ ಮಾಡುತ್ತೇನೆ. ಪ್ರತಿ ಸಾವಿರ ಮೀಟರ್ ಏರಿದಂತೆ ಆರೂವರೆ ಡಿಗ್ರಿಯಷ್ಟು ತಂಪು ಹೆಚ್ಚುತ್ತದೆ. ಕುಕ್ಕೆಗೂ ಶಿಖರಕ್ಕೂ ಹತ್ತು ಡಿಗ್ರಿಯ ವ್ಯತ್ಯಾಸವಾಯಿತು, ಮೇಲೆ ಗಾಳಿ ಬೇರೆ. ಕುಕ್ಕೆಯಲ್ಲಿ ಬೆವರುತ್ತ ನಿಂತವರಿಗೆ ಇದು ನಂಬಿಕೆಯಾಗುವುದಿಲ್ಲ. ಜೀನ್ಸ್ ಬೇಡ, ಹತ್ತಿಯ ಬನಿಯನ್ನಿನ ಮೇಲೆ ಹತ್ತಿಯ ಶರ್ಟು ಬೇಡ, ನೆನೆದರೆ ಒಣಗುವುದಿಲ್ಲ. ಬೇಗ ಒಣಗುವ ಬಟ್ಟೆ, ಗಾಳಿ ತಡೆಯುವ ಒಂದು ಜಾಕೆಟ್, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಜೊತೆ ಒಣಬಟ್ಟೆ, ಉಣ್ಣೆಯ ಟೊಪ್ಪಿ. ಇದಿಷ್ಟೂ, ತಲಾ ಒಂದು ಹಣೆಗೆ ಕಟ್ಟುವ ಟಾರ್ಚು, ಒಂದು ಸೀಟಿ, ಆರು ಜನರ ಆರು ಚೀಲದಲ್ಲೂ ಇರಬೇಕು. ಹಂಚಿಕೊಂಡು ಒಯ್ಯುವುದು ಅಡುಗೆಯ ಪಾತ್ರೆಯನ್ನು ಮಾತ್ರ. ಪ್ಲಾಸ್ಟಿಕ್ ಚೀಲವನ್ನು ಒಯ್ದ ಹಾಗೆಯೇ ವಾಪಸು ತರಬೇಕು, ಚಿಕ್ಕಿಯ ಕಾಗದವನ್ನೂ. ದಾರಿ ತಪ್ಪಿದವರು ನಿಂತಲ್ಲೇ ನಿಂತು ನಿಮಿಷಕ್ಕೆ ಆರು ಸಲ ಸೀಟಿ ಊದಬೇಕು, ಒಂದು ನಿಮಿಷ ಬಿಟ್ಟು ಮತ್ತೆ ಆರು. ಕೇಳಿದವರು ಮೂರು ಸಲ ಊದಿ ಉತ್ತರಿಸಬೇಕು. ಪರ್ವತಾರೋಹಿಗಳು ಬಹಳ ಕಡೆ ಪಾಲಿಸುವ ಸಂಕೇತ ಇದು. ಕೂಗು ಸೋಲುವ ಗಾಳಿಯಲ್ಲೂ ಸೀಟಿ ಕೇಳುತ್ತದೆ. ಆ ರಾತ್ರಿ ಅವನ ಕೊರಳಲ್ಲಿ ಒಂದು ಸೀಟಿ ಇದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಯಾರಾದರೂ ನಡುಗಲು ಶುರುಮಾಡಿದರೆ, ಎಡವುತ್ತಿದ್ದರೆ, ಗುಂಡಿ ಹಾಕಿಕೊಳ್ಳಲು ಬೆರಳು ಬರದಿದ್ದರೆ, ಮಾತು ತೊದಲಿದರೆ ಅಲ್ಲೇ ನಿಲ್ಲಿ. ಗಾಳಿಗೆ ಮರೆ ಹಿಡಿದು ಒಣಬಟ್ಟೆ ಹಾಕಿಸಿ, ಸಿಹಿ ಕುಡಿಸಿ. ಮೈ ತಣ್ಣಗೇ ಇದ್ದು ನಡುಕ ನಿಂತುಹೋದರೆ ಅದು ಸುಧಾರಣೆಯಲ್ಲ, ಅಪಾಯ ಹೆಚ್ಚಾದದ್ದು. ಆಗ 112ಕ್ಕೆ ಕರೆ ಮಾಡಿ. ನೆಟ್‌ವರ್ಕ್ ಬರದಿದ್ದರೆ ಇಬ್ಬರು ಒಟ್ಟಾಗಿ ಕೆಳಗಿನ ಚೆಕ್‌ಪೋಸ್ಟಿಗೆ ಹೋಗಿ, ಒಬ್ಬರನ್ನೇ ಕಳಿಸಬೇಡಿ.

ತಿರುಗುವ ಗಂಟೆಯನ್ನು ಕೆಳಗಿರುವಾಗಲೇ ಗೊತ್ತುಮಾಡಿ. ಒಂದೇ ದಿನದಲ್ಲಿ ಇಳಿಯುವುದಾದರೆ ಬೆಳಿಗ್ಗೆ ಆರಕ್ಕೆ ಹೊರಟವರು ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದ್ದರೂ ಹಿಂದಿರುಗಬೇಕು. ಶಿಖರ ಎದುರಿಗೇ ಕಾಣುತ್ತಿರಲಿ, ಹದಿನೈದೇ ನಿಮಿಷದ ದಾರಿ ಎಂದು ಎದುರು ಬಂದವರು ಹೇಳಲಿ. ಮೇಲೆ ಹೋದ ಮೇಲೆ ಚರ್ಚೆ ಮಾಡಿದರೆ ಹುರುಪಿದ್ದವರೇ ಗೆಲ್ಲುತ್ತಾರೆ, ದಣಿದವರು ಬಾಯಿ ಬಿಡುವುದಿಲ್ಲ. ಶೇಷ ಪರ್ವತದ ಅಂಚಿನಲ್ಲಿ ಕೂತು, ಕೆಳಗೆ ಪ್ರಪಾತದಿಂದ ಮೋಡ ಏರಿ ಬರುವುದನ್ನು ನೋಡಿದವರು ಏನನ್ನೂ ಕಳೆದುಕೊಂಡವರಲ್ಲ. ನನ್ನ ಹದಿನಾಲ್ಕು ಸಲದಲ್ಲಿ ನಾಲ್ಕು ಸಲ ಅಲ್ಲಿಂದಲೇ ತಿರುಗಿದ್ದೇನೆ. ಅಂಚಿನ ತೀರಾ ಹತ್ತಿರ ನಿಂತು ಫೋಟೋ ತೆಗೆಯಲು ಮಾತ್ರ ಯಾರನ್ನೂ ಬಿಡಬೇಡ.

ಇಳಿಯುವುದು ಸುಲಭ ಎಂದು ಯಾರಿಗೂ ಅನ್ನಿಸಬಾರದು. ಶಿಖರಕ್ಕೂ ಶೇಷ ಪರ್ವತಕ್ಕೂ ನಡುವಿನ ಬಂಡೆಯ ಇಳಿಜಾರು ಒದ್ದೆಯಿದ್ದರೆ ಪಾಚಿಯ ಮೇಲೆ ಕಾಲಿಟ್ಟ ಹಾಗೆ. ಅಲ್ಲಿ ಕೂತು ಜಾರಿಕೊಂಡು ಇಳಿದರೂ ಸರಿಯೇ. ಹೊರಡುವ ಎರಡು ದಿನ ಮೊದಲು ಕಾಲಿನ ಉಗುರು ಕತ್ತರಿಸಿ, ಇಳಿಯುವ ಮುನ್ನ ಶೂ ಲೇಸನ್ನು ಬಿಗಿ ಮಾಡಿ, ಇಲ್ಲದಿದ್ದರೆ ಬೆರಳು ಶೂವಿನ ತುದಿಗೆ ಬಡಿದು ಬಡಿದು ಉಗುರು ಕಪ್ಪಾಗುತ್ತದೆ. ಮಂಡಿ ನೋವಿರುವವರಿಗೆ ಎರಡು ಕೋಲು ಕೊಡಿ.

ಕೆಳಗಿಳಿದ ಮೇಲಿನದು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವ ಭಾಗ. ಕಾರಿನಲ್ಲಿ ಬರುತ್ತೀರೆಂದು ನಿನ್ನ ಅಮ್ಮ ಹೇಳಿದಳು. ಹನ್ನೆರಡು ಗಂಟೆ ನಡೆದು, ಹೊಟ್ಟೆ ತುಂಬ ಉಂಡು, ಸೋಮವಾರ ಬೆಳಿಗ್ಗೆ ಮೀಟಿಂಗ್ ಇದೆ ಎಂದು ರಾತ್ರಿಯೇ ಶಿರಾಡಿ ಘಾಟಿ ಹತ್ತುವ ಮಕ್ಕಳನ್ನು ಕಂಡಾಗ ನನಗೆ ಎದೆ ಹಿಂಡುತ್ತದೆ. ಹಿಂದಿನ ಸೀಟಿನಲ್ಲಿ ಎಲ್ಲರೂ ಮಲಗಿರುತ್ತಾರೆ, ಸ್ಟೀರಿಂಗ್ ಹಿಡಿದವನೂ ಅಷ್ಟೇ ದಣಿದಿರುತ್ತಾನೆ. ಆ ರಾತ್ರಿ ಹೊರಡಬೇಡಿ. ಹೊರಡಲೇಬೇಕಾದರೆ ಬಸ್ಸಿದೆ, ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಿಂದ ರೈಲಿದೆ. ನಮ್ಮ ಮನೆಯೂ ಇದೆ. ಆರು ಜನಕ್ಕೆ ಚಾಪೆ, ಗಂಜಿ, ಉಪ್ಪಿನಕಾಯಿ ಇಲ್ಲಿ ಕಡಿಮೆಯಾಗುವುದಿಲ್ಲ.

ನಿನ್ನ ಅಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ. ನೀನು ಒಂದು ಕೆಲಸ ಮಾಡು. ಆರು ಜನರ ಹೆಸರು, ಮನೆಯವರ ನಂಬರು, ಹತ್ತುವ ದಾರಿ, ಇಳಿಯುವ ಹೊತ್ತು ಎಲ್ಲವನ್ನೂ ಬರೆದು ಹೊರಡುವ ಹಿಂದಿನ ದಿನವೇ ನನಗೆ ಕಳಿಸು. ಇಳಿದು ಕುಕ್ಕೆಯ ರಸ್ತೆ ಮುಟ್ಟಿದ ಕೂಡಲೇ, ಸ್ನಾನಕ್ಕೂ ಕಾಫಿಗೂ ಮೊದಲು, ಆರೂ ಜನ ನಿನ್ನ ಎದುರಿಗೆ ನಿಂತಿರುವಾಗ ನನಗೆ ಫೋನು ಮಾಡು. ರಾತ್ರಿ ಎಂಟರವರೆಗೆ ಕಾಯುತ್ತೇನೆ. ಬರದಿದ್ದರೆ ನಾನೇ ಫಾರೆಸ್ಟಿನವರ ಹತ್ತಿರ ಹೋಗುತ್ತೇನೆ.

ನಿನ್ನ
ದೊಡ್ಡಪ್ಪ